ಅಗ್ನಿಶಾಮಕ ಸಿಬ್ಬಂದಿಯಾದ ನನ್ನ ಯಜಮಾನರು ಮನೋವೈದ್ಯರ ಬಳಿ ಬರಲು ಏಕೆ ಒಪ್ಪುತ್ತಿಲ್ಲ?

ತುಂಗೆಯಲ್ಲಿ ಮುಳುಗಿದ ಇಬ್ಬರು ಹುಡುಗರನ್ನು ಮೇಲೆತ್ತಿದ ದಿನದಿಂದ ನಿಮ್ಮ ಯಜಮಾನರಿಗೆ ನಿದ್ದೆಯಿಲ್ಲ, ವೈದ್ಯರ ಹೆಸರೆತ್ತಿದರೆ ಎದ್ದು ಹೋಗುತ್ತಾರೆ ಎಂದು ಬರೆದಿದ್ದೀರಿ. ನಾನು ತೀರ್ಥಹಳ್ಳಿ ಕಡೆ ಒಂಬತ್ತು ವರ್ಷಗಳಿಂದ ಆಂಬುಲೆನ್ಸ್‌ನಲ್ಲಿ ಶುಶ್ರೂಷಕ. ನಾನೂ ಹಾಗೆಯೇ ಎದ್ದು ಹೋಗುತ್ತಿದ್ದೆ.

ಪುಕ್ಕಲ ಎಂದುಕೊಂಡಾರು ಎಂಬ ನಾಚಿಕೆ ಇದ್ದೇ ಇರುತ್ತದೆ. ಜೊತೆಗೆ ನಮ್ಮ ಊರುಗಳು ಚಿಕ್ಕವು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಒಳ್ಳೆಯ ವ್ಯವಸ್ಥೆ. ಆದರೆ ಆ ಬಾಗಿಲ ಮುಂದೆ ಚೀಟಿ ಹಿಡಿದು ನಿಂತವರು ಯಾರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಅದೇ ಆಸ್ಪತ್ರೆಗೆ ಸ್ಟ್ರೆಚರ್ ತಳ್ಳಿಕೊಂಡು ಓಡುವಾಗ ಜನ ನಮಗೆ ದಾರಿ ಬಿಡುತ್ತಾರೆ. ಅವರ ನಡುವೆಯೇ ಸಾಲಿನಲ್ಲಿ ನಿಲ್ಲಲು ನನಗೆ ಕಾಲೇ ಬರಲಿಲ್ಲ.

ಇನ್ನೊಂದನ್ನು ಹೇಳಲು ಕಷ್ಟ. ಶಿವಮೊಗ್ಗಕ್ಕೆ ಸಾಗಿಸುತ್ತಿದ್ದ ಬಾಣಂತಿಯೊಬ್ಬಳು ಮಂಡಗದ್ದೆ ದಾಟುವಷ್ಟರಲ್ಲಿ ನನ್ನ ಕೈಯಲ್ಲೇ ತೀರಿಕೊಂಡಳು. ಆಕೆಯ ತಾಯಿ ಅದೇ ಗಾಡಿಯಲ್ಲಿದ್ದರು. ಮಗಳನ್ನು ಕಳೆದುಕೊಂಡವರು ಅವರು, ಅಳಲು ನನಗೇನು ಹಕ್ಕು ಎಂದು ಬಾಯಿ ಮುಚ್ಚಿಕೊಂಡೆ. ಗಾಡಿ ತೊಳೆದು, ಸಿಲಿಂಡರ್ ಬದಲಿಸಿ, ಮುಂದಿನ ಕರೆಗೆ ಹೊರಟೆವು. 'ಗಟ್ಟಿ ಮನಸ್ಸಿಲ್ಲದಿದ್ದರೆ ಬೇರೆ ಕೆಲಸ ನೋಡಿಕೊ' ಎಂದು ಮೇಲಿನವರೊಬ್ಬರು ಒಮ್ಮೆ ಅಂದಿದ್ದರು. ಇನ್ನು ಯಾರ ಬಳಿ ಹೇಳುವುದು? ಎರಡು ವರ್ಷ, ಆ ಜಾಗ ಬಂದಾಗಲೆಲ್ಲ ನನ್ನ ಬೆರಳು ತಾನಾಗಿ ರೋಗಿಯ ನಾಡಿ ಹುಡುಕುತ್ತಿತ್ತು, ರೋಗಿ ಚೆನ್ನಾಗಿ ಮಾತನಾಡುತ್ತಿದ್ದರೂ.

ಕೊನೆಗೆ ಇದನ್ನು ಹೇಳಿಕೊಂಡದ್ದು ನಮ್ಮ ಚಾಲಕರ ಮುಂದೆ. 'ಅಲ್ಲಿ ನನ್ನ ಕಾಲೂ ಬ್ರೇಕ್ ಮೇಲೆ ಹೋಗುತ್ತದೆ' ಎಂದರು ಅವರು. ಆ ವಾರವೇ 14416ಕ್ಕೆ ಕರೆ ಮಾಡಿದೆ. ಅದು 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ, ಸಾಲಿನಲ್ಲಿ ನಿಲ್ಲಬೇಕಿಲ್ಲ. ಆಮೇಲೆ ಶಿವಮೊಗ್ಗದಲ್ಲಿ ವೈದ್ಯರನ್ನೂ ಕಂಡೆ. ಕಚೇರಿಗೆ ತಿಳಿದರೆ ಎಂಬ ಭಯ ನಿಮ್ಮ ಯಜಮಾನರಿಗೆ ಇದ್ದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಅವರಿಗೆ ತಿಳಿಸಿ. ಕಾಯ್ದೆಯೇ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿ ಇಡಲೇಬೇಕು.

ಸದ್ಯಕ್ಕೆ ವೈದ್ಯರ ಮಾತು ಬಿಡಿ. ಆ ದಿನ ನದಿಯಲ್ಲಿ ಅವರ ಜೊತೆಗಿದ್ದವರು ಯಾರೆಂದು ತಿಳಿದುಕೊಂಡು ಒಮ್ಮೆ ಮನೆಗೆ ಕಾಫಿಗೆ ಕರೆಯಿರಿ, ಇಬ್ಬರನ್ನೇ ಜಗಲಿಯಲ್ಲಿ ಬಿಟ್ಟು ಒಳಗೆ ಹೋಗಿ. ಅವರಿಗೂ ನಿದ್ದೆ ಬರುತ್ತಿರಲಿಕ್ಕಿಲ್ಲ. ಸಾಯುವ ಮಾತೇನಾದರೂ ಬಂದರೆ ಮಾತ್ರ ಕಾಯಬೇಡಿ, ಆ ಸಂಖ್ಯೆಗೆ ನೀವೇ ಕರೆ ಮಾಡಿ, ಮನೆಯವರೂ ಮಾಡಬಹುದು.

ಈ ಕೆಲಸದವರೊಬ್ಬರ ಜೊತೆ ಮಾತನಾಡಬೇಕು ಎಂದು ಅವರಿಗೆ ಅನಿಸಿದರೆ ನನಗೆ ಇಲ್ಲಿಯೇ ಸಂದೇಶ ಕಳುಹಿಸಿ. ಈ ಭಾನುವಾರ ನನಗೆ ಪಾಳಿ ಇಲ್ಲ.