577201 ಅವಿಭಾಜ್ಯವೇ?

ಪ್ರಶ್ನೆ: ನಾನು ದುರ್ಗಿಗುಡಿಯ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಪಾರ್ಸೆಲ್‌ಗಳ ಮೇಲೆ 577201 ಎಂಬ ಪಿನ್‌ಕೋಡ್ ಬರೆದು ಬರೆದು ಅದರ ಮೇಲೆ ಒಂದು ಬಗೆಯ ಮೋಹ ಹುಟ್ಟಿದೆ. ಮೊನ್ನೆ ಜಡಿಮಳೆಗೆ ಗಿರಾಕಿಗಳಿಲ್ಲದಾಗ ಭಾಗಿಸುತ್ತಾ ಕುಳಿತೆ. 2, 3, 5, 7, 11, 13 ಯಾವುದರಿಂದಲೂ ನಿಶ್ಶೇಷವಾಗಿ ಹೋಗಲಿಲ್ಲ. ಅವಿಭಾಜ್ಯ ಸಂಖ್ಯೆಯೆಂದು ತೀರ್ಮಾನಿಸಬಹುದೇ ಮೇಷ್ಟ್ರೇ?
– ಓದುಗ, ಶಿವಮೊಗ್ಗ

ಉತ್ತರ: ಇನ್ನೊಂದೇ ಮೆಟ್ಟಿಲು ಹತ್ತಿದ್ದರೆ ಈ ಪತ್ರ ಬರೆಯುವ ಶ್ರಮ ತಪ್ಪುತ್ತಿತ್ತು ಮಾರಾಯರೇ! 13ರ ನಂತರದ ಅವಿಭಾಜ್ಯ 17. ಅದನ್ನು ಮೂವತ್ತನಾಲ್ಕು ಸಾವಿರದಿಂದ ಗುಣಿಸಿದರೆ 578000. ನಿಮ್ಮ ಸಂಖ್ಯೆ ಅದಕ್ಕಿಂತ 799 ಕಡಿಮೆ. ಆ 799 ಎಂದರೆ 17×47. ಅಲ್ಲಿಗೆ ಕೋಟೆ ಬಿತ್ತು: 577201 = 17×33953.

ನೀವು ಹದಿಮೂರಕ್ಕೇ ನಿಂತದ್ದೇಕೆಂದು ನನಗೆ ಗೊತ್ತು. ಸಾಗರದ ಕಡೆಯ ನಮ್ಮ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ಅಪ್ಪಯ್ಯ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಮಗ್ಗಿ ಕೇಳುತ್ತಿದ್ದರು. ಹದಿನಾರರವರೆಗೆ ನನ್ನ ಬಾಯಿ ಓಡುತ್ತಿತ್ತು. ‘ಹದಿನೇಳು ಏಳಲೆ’ ಎಂದೊಡನೆ ಬಾಯಿಯ ಜೊತೆ ಸುಲಿಯುವ ಕೈಯೂ ನಿಲ್ಲುತ್ತಿತ್ತು. ಹತ್ತೊಂಬತ್ತರ ಮಗ್ಗಿಯೂ ಅಷ್ಟೇ, ಹಿಡಿತಕ್ಕೆ ಸಿಗದ ಜಾತಿ. ತಮಾಷೆ ನೋಡಿ, ನಿಮ್ಮ ಪಿನ್‌ಕೋಡ್ ಅವೆರಡನ್ನೇ ಬಗಲಲ್ಲಿಟ್ಟುಕೊಂಡಿದೆ: 33953 = 19×1787.

1787 ಮಾತ್ರ ಗಟ್ಟಿ ಕುಳ. ಯಾವ ಸಂಖ್ಯೆಯಾದರೂ ಎರಡರ ಗುಣಲಬ್ಧವಾಗಿದ್ದರೆ, ಅವೆರಡರಲ್ಲಿ ಚಿಕ್ಕದರ ವರ್ಗ ಆ ಸಂಖ್ಯೆಯನ್ನು ಮೀರುವುದಿಲ್ಲ. 43ರ ವರ್ಗ 1849, 1787ನ್ನು ಮೀರುತ್ತದೆ. ಹಾಗಾಗಿ 41ರವರೆಗಿನ ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಸಾಕು. ಹಳೆಯ ಮಂಡಿ ಚೀಟಿಯೊಂದರ ಹಿಂಬದಿಯಲ್ಲಿ ಆ ಹದಿಮೂರು ಅವಿಭಾಜ್ಯಗಳನ್ನೂ ಹಚ್ಚಿ ನೋಡಿದೆ, ಒಂದರಿಂದಲೂ ಹೋಗಲಿಲ್ಲ. 19 ಮತ್ತೆ ಆಸೆ ಹುಟ್ಟಿಸಿತ್ತು. 19×94 = 1786, ಒಂದರಲ್ಲಿ ತಪ್ಪಿತು.

ಇದೇ ಲೆಕ್ಕದಲ್ಲಿ, 760ರ ವರ್ಗ 577600. ಅಂದರೆ 577201 ಅವಿಭಾಜ್ಯ ಎನ್ನಬೇಕಾದರೆ 760ರೊಳಗಿನ 134 ಅವಿಭಾಜ್ಯಗಳನ್ನೂ ದಾಟಬೇಕಿತ್ತು. ನೀವು ಆರು ದಾಟಿ ತೀರ್ಪು ಕೇಳುತ್ತಿದ್ದೀರಿ.

ಇನ್ನು ಮುಂದೆ 7, 11, 13ಕ್ಕೆ ಮೂರು ಭಾಗಾಕಾರ ಬೇಡ. ಮೂರರ ಗುಣಲಬ್ಧ 1001. ಪಿನ್‌ಕೋಡಿನಲ್ಲಿ ಮೊದಲ ಮೂರು ಅಂಕಿ ಅಂಚೆಯ ವಿಂಗಡಣಾ ಜಿಲ್ಲೆಗೆ, ಉಳಿದ ಮೂರು ಅಂಚೆ ಕಚೇರಿಗೆ. 1972ರಲ್ಲಿ ಈ ಪದ್ಧತಿ ತಂದವರು ನಮಗೂ ಉಪಕಾರ ಮಾಡಿದ್ದಾರೆ: ನಡುವೆ ಬಿಡಿಸಿ, 577ರಲ್ಲಿ 201 ಕಳೆಯಿರಿ, 376. 577ನ್ನು 1001ರಿಂದ ಗುಣಿಸಿದರೆ 577577. ಅದರಲ್ಲಿ ಈ 376 ಕಳೆದರೆ ಬರುವುದೇ ನಿಮ್ಮ ಪಿನ್‌ಕೋಡ್. ಆದ್ದರಿಂದ 376 ಆ ಮೂರರಲ್ಲಿ ಯಾವುದರಿಂದ ಹೋಗುವುದಿಲ್ಲವೋ ಅದರಿಂದ ಇಡೀ ಸಂಖ್ಯೆಯೂ ಹೋಗದು.

ನಮ್ಮ ಸಾಗರದ 577401ಕ್ಕೆ ಹೀಗೆ ಮಾಡಿದರೆ 176, ಹನ್ನೊಂದು ಹದಿನಾರಲೆ! ಅದಕ್ಕೂ ಮೊದಲೇ ಅದು 3ರಿಂದ ಹೋಗುವ ಬಡಪಾಯಿ. ನಿಮ್ಮದು ಹದಿನೇಳರವರೆಗಾದರೂ ತಾಳಿತು.