ಅಡಿಕೆ ಕೊಳೆತುಹೋದರೆ ನಾವು ಕೆಟ್ಟದ್ದನ್ನೇ ಬಿತ್ತಿದ್ದೆವು ಎಂದು ಅರ್ಥವೇ?

ತೀರ್ಥಹಳ್ಳಿ ಕಡೆಯ ತೋಟ, ಈ ಮಳೆಗಾಲ ಕೊಳೆರೋಗಕ್ಕೆ ಅರ್ಧ ಫಸಲು ಹೋಯಿತು ಎಂದು ಬರೆದಿದ್ದೀರಿ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ‘ಮನುಷ್ಯ ಬಿತ್ತಿದ್ದನ್ನೇ ಕೊಯ್ಯುತ್ತಾನೆ’ ಎಂಬ ವಾಕ್ಯ ತೋರಿಸಿ, ಕಾಣಿಕೆಯಲ್ಲಿ ಹಿಂದೆ ಬಿದ್ದದ್ದೇ ಕಾರಣ, ಈಗಲಾದರೂ ಸಾವಿರ ಬಿತ್ತಿ, ನೂರರಷ್ಟು ಬರುತ್ತದೆ ಎಂದರಂತೆ. ಇದು ಸರಿಯೇ, ಅಲ್ಲವಾದರೆ ಈ ನಿಯಮವನ್ನು ದಿನದ ಬದುಕಲ್ಲಿ ಪಾಲಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಸರಿಯಲ್ಲ. ಆ ಮಾತು ಗಲಾತ್ಯದವರಿಗೆ ಬರೆದ ಪತ್ರದ 6:7ರಲ್ಲಿದೆ. ಒಂದು ಅಧ್ಯಾಯ ಹಿಂದಿನಿಂದ ಓದಿಕೊಂಡು ಬನ್ನಿ. ಒಬ್ಬರನ್ನೊಬ್ಬರು ಕಚ್ಚಿ ನುಂಗುತ್ತಿದ್ದ ಸಭೆಗೆ ಅಪೊಸ್ತಲ ಪೌಲ ಬರೆಯುತ್ತಿದ್ದಾನೆ (5:15). ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಕುಡಿತ ಒಂದು ಕಡೆ. ಪ್ರೀತಿ, ಸಮಾಧಾನ, ತಾಳ್ಮೆ, ದಯೆ ಇನ್ನೊಂದು ಕಡೆ. ಮೊದಲನೆಯದನ್ನು ಬಿತ್ತಿದವನಿಗೆ ನಾಶ, ಎರಡನೆಯದನ್ನು ಬಿತ್ತಿದವನಿಗೆ ನಿತ್ಯಜೀವ. ಬೆಳೆ ಯಾವುದೆಂದು ಪತ್ರವೇ ಹೇಳಿಬಿಟ್ಟಿದೆ, ಅದರಲ್ಲಿ ಕ್ವಿಂಟಲ್ ಲೆಕ್ಕ ಇಲ್ಲ. 6:6ರಲ್ಲಿ ವಾಕ್ಯ ಕಲಿಸುವವರಿಗೆ ಕಲಿಯುವವರು ಪಾಲು ಕೊಡಬೇಕು ಎಂದಿದೆ, ನಿಜ. ಕೊಟ್ಟದ್ದು ನೂರು ಪಟ್ಟಾಗಿ ತಿರುಗಿ ಬರುತ್ತದೆ ಎಂದಿಲ್ಲ. ‘ನೂರರಷ್ಟು’ ಎಂಬುದು ಮಾರ್ಕ 4ರ ಬಿತ್ತುವವನ ಸಾಮ್ಯದಿಂದ ತಂದದ್ದು, ಅಲ್ಲಿ ಬೀಜ ಎಂದರೆ ದೇವರ ವಾಕ್ಯ ಎಂದು 14ನೇ ವಚನದಲ್ಲೇ ಬಿಡಿಸಿ ಹೇಳಿದೆ. ಕಾಣಿಕೆಯ ಹಣವೇ ಬೀಜ ಎಂಬ ಬೋಧನೆಯನ್ನು ಕಳೆದ ಶತಮಾನದಲ್ಲಿ ಅಮೆರಿಕದ ಓರಲ್ ರಾಬರ್ಟ್ಸ್‌ನಂಥ ಬೋಧಕರು ಹಬ್ಬಿಸಿದರು. ನಿಮ್ಮ ಕೂಟಕ್ಕೆ ಅದು ಬಂದದ್ದೂ ಬಹುಶಃ ಆ ದಾರಿಯಲ್ಲೇ.

ಇನ್ನೊಂದು ತಪ್ಪು ಇದಕ್ಕಿಂತ ಕ್ರೂರ. ಈ ನಿಯಮ ಇರುವುದು ಬಿತ್ತುವ ಮೊದಲು ಎಚ್ಚರಿಸಲಿಕ್ಕೆ. ಇನ್ನೊಬ್ಬರ ನಷ್ಟ ನೋಡಿ ಅವರ ಪಾಪ ಪತ್ತೆ ಹಚ್ಚಲಿಕ್ಕಲ್ಲ. ‘ಕೇಡನ್ನು ಬಿತ್ತಿದವರು ಕೇಡನ್ನೇ ಕೊಯ್ಯುತ್ತಾರೆ’ ಎಂದು, ಎಲ್ಲವನ್ನೂ ಕಳೆದುಕೊಂಡು ಕೂತಿದ್ದ ಯೋಬನ ಮುಖಕ್ಕೆ ಹೇಳಿದವನು ಅವನ ಗೆಳೆಯ ಎಲೀಫಜ (ಯೋಬ 4:8). ಕೊನೆಗೆ ದೇವರು ಸಿಟ್ಟಾದದ್ದು ಆ ಎಲೀಫಜನ ಮೇಲೆಯೇ (42:7). ಹುಟ್ಟು ಕುರುಡನನ್ನು ಕಂಡು ‘ಯಾರ ಪಾಪ?’ ಎಂದ ಶಿಷ್ಯರಿಗೆ ಯೇಸು, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದ (ಯೋಹಾನ 9:3). ಬುರುಜು ಬಿದ್ದು ಸತ್ತ 18 ಜನರು ಮಿಕ್ಕವರಿಗಿಂತ ಪಾಪಿಗಳಾಗಿರಲಿಲ್ಲ ಎಂದೂ ಹೇಳಿದ (ಲೂಕ 13:4).

ಕೊಳೆ ಬರುವುದು ಬಿಡುವಿಲ್ಲದ ಮಳೆಯಲ್ಲಿ ಹರಡುವ ಫೈಟೊಫ್ತೊರಾ ಎಂಬ ರೋಗಾಣುವಿನಿಂದ. ಅದನ್ನು ತಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು. ಸೋಮಾರಿತನದಿಂದ ಮೊದಲ ಔಷಧಿಯನ್ನೇ ಬಿಟ್ಟಿದ್ದರೆ ಅದು ನೀವು ಬಿತ್ತಿದ್ದರ ಫಲ ಎನ್ನಬಹುದು. ಎರಡನೆಯದಕ್ಕೆ ಮಳೆ ಎರಡು ದಿನವೂ ಬಿಡುವು ಕೊಡದೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಹತ್ತಲಾಗಲಿಲ್ಲ ಎಂದಾದರೆ ಅದರಲ್ಲಿ ನಿಮ್ಮ ಪಾಪ ಹುಡುಕಬೇಡಿ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಯುತ್ತದೆ (ಮತ್ತಾಯ 5:45). ಮಲೆನಾಡಿನಲ್ಲಿ ಅದು ಇಬ್ಬರ ಅಡಿಕೆ ಗೊನೆಯನ್ನೂ ಉದುರಿಸುತ್ತದೆ.

ಹಾಗಾದರೆ ಇದು ಕರ್ಮವೇ ಎಂದು ಕೇಳುವವರಿದ್ದಾರೆ. ಇಲ್ಲಿ ಹಿಂದಿನ ಜನ್ಮದ ಬಾಕಿ ಇಲ್ಲ, ಕ್ಷಮೆ ಇದೆ, ಒಬ್ಬರು ಬಿತ್ತಿ ಇನ್ನೊಬ್ಬರು ಕೊಯ್ಯುವುದೂ ಇದೆ (ಯೋಹಾನ 4:37). ಅಷ್ಟು ಸಾಕು.

ಪಾಲಿಸುವುದನ್ನು ನಾನಾದರೆ ಆಳುಗಳ ಕೂಲಿಯಿಂದ ಶುರುಮಾಡಿ ಎನ್ನುತ್ತೇನೆ, ಕಾಣಿಕೆಯಿಂದಲ್ಲ. ದಿನಗೂಲಿಯವನ ದುಡ್ಡು ಬೆಳಗಿನ ತನಕ ನಿಮ್ಮ ಹತ್ತಿರ ಇರಕೂಡದು ಎನ್ನುತ್ತದೆ ಯಾಜಕಕಾಂಡ 19:13. ಪೈರು ಕೊಯ್ದವರಿಂದ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ಯಾಕೋಬ (5:4). ವಾರದ ಬಟವಾಡೆ ಎಂದು ಮಾತಾಗಿದ್ದರೆ ಶನಿವಾರ ಸಂಜೆಯೇ ಆಗಬೇಕು. ಅಡಿಕೆ ಮಂಡಿಯಿಂದ ದುಡ್ಡು ಬರಲಿಲ್ಲ ಎಂಬುದು ಅವರ ಮನೆಯ ಅಕ್ಕಿಗೆ ಉತ್ತರವಲ್ಲ. ಆಮೇಲೆ ತೂಕ ಮತ್ತು ಸರಕು. ಒಳ್ಳೆಯ ರಾಶಿ ಅಡಿಕೆಯ ಚೀಲದ ತಳಕ್ಕೆ ಕಡಿಮೆ ದರ್ಜೆಯ ಗೊರಬಲು ತುಂಬಿ, ಬಂದ ದುಡ್ಡಲ್ಲಿ ದಶಾಂಶ (ಹತ್ತರಲ್ಲೊಂದು ಪಾಲು) ಕೊಟ್ಟರೆ ಎರಡೂ ಸೇರಿ ಸೊನ್ನೆಯಾಗುವುದಿಲ್ಲ. ಒಂದು ಕಡೆಯ ಕಳೆಗೆ ಇನ್ನೊಂದು ಕಡೆಯ ಬಿತ್ತನೆ ಮದ್ದಲ್ಲ.

ಹಾಗೆ ಮೋಸ ಆಗಿಹೋಗಿದ್ದರೆ ಅರಣ್ಯಕಾಂಡ 5:7–8 ಲೆಕ್ಕವನ್ನೇ ಕೊಡುತ್ತದೆ: ಒಪ್ಪಿಕೊಳ್ಳಿ, ಅಸಲು ಕೊಡಿ, ಐದರಲ್ಲೊಂದು ಪಾಲು ಮೇಲೆ ಸೇರಿಸಿ. 5,000 ರೂಪಾಯಿ ಹೊಡೆದಿದ್ದರೆ 6,000. ಮೋಸಹೋದವರು ತೀರಿಕೊಂಡಿದ್ದರೆ ಹತ್ತಿರದ ಸಂಬಂಧಿಕರಿಗೆ. ಅವರೂ ಇಲ್ಲದಿದ್ದರೆ ಮಾತ್ರ ದೇವರ ಪಾಲಿಗೆ. ನಾವು ಮಾಡುವುದು ಸಾಮಾನ್ಯವಾಗಿ ಇದರ ತಿರುಗಮುರುಗ: ಮೊದಲೇ ಕಾಣಿಕೆ ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ, ಏಕೆಂದರೆ ಡಬ್ಬಿಯ ಮುಂದೆ ನಾಚಿಕೆ ಇಲ್ಲ. ಹಣ ತಿರುಗಿ ಕೊಟ್ಟದ್ದಕ್ಕೆ ಪ್ರತಿಯಾಗಿ ಮೋಸಹೋದವರಿಂದ ಒಳ್ಳೆಯ ಮಾತನ್ನೂ ಕಾಯಬೇಡಿ.

ಹಣ ಕೊಡುವುದಕ್ಕೆ ಬಿತ್ತನೆಯ ಮಾತು ನೇರವಾಗಿ ಬರುವುದು 2 ಕೊರಿಂಥ 9:6ರಲ್ಲಿ. ಅದು ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಸಹಾಯ. ಅದರ ಕಟ್ಟುಪಾಡು ಅಲ್ಲೇ ಇದೆ: ಇದ್ದದ್ದರಿಂದ ಕೊಡಬೇಕು, ಇಲ್ಲದ್ದರಿಂದಲ್ಲ (8:12), ಮನಸ್ಸಲ್ಲಿ ನಿಶ್ಚಯಿಸಿದಷ್ಟು, ಒತ್ತಾಯಕ್ಕಲ್ಲ (9:7). ಒಡವೆ ಅಡವಿಟ್ಟು, ಕೈಗಡ ತಂದು ‘ಬಿತ್ತುವುದು’ ಇದಕ್ಕೆ ವಿರುದ್ಧ. ವಾರದ ಮೊದಲ ದಿನ ಸ್ವಲ್ಪ ಸ್ವಲ್ಪ ತೆಗೆದಿಡಿ ಎಂದು 1 ಕೊರಿಂಥ 16:2ರಲ್ಲಿದೆ. ಅಡಿಕೆಯವರಿಗೆ ದುಡ್ಡು ವಾರವಾರ ಬರುವುದಿಲ್ಲವಲ್ಲ, ಹಾಗಾಗಿ ಮಂಡಿಯ ಪಟ್ಟಿ ಕೈಗೆ ಬಂದ ದಿನವೇ ಮಾಡಿ. 3 ಲಕ್ಷ ಬಂದು, ಕೂಲಿ, ಔಷಧಿ, ಗೊಬ್ಬರ, ಸೊಸೈಟಿ ಸಾಲದ ಕಂತು ಸೇರಿ 1.8 ಲಕ್ಷ ಹೋದರೆ ಉಳಿದದ್ದು 1.2 ಲಕ್ಷ. ನಿಮ್ಮ ನಿಶ್ಚಯ ಹತ್ತರಲ್ಲೊಂದು ಎಂದಾದರೆ 12,000. ಬೇರೆ ಖಾತೆಗೆ ಹಾಕಿ, ತಿಂಗಳಿಗೆ 1,000ದಂತೆ ಕೊಡಿ. ಕೊಟ್ಟದ್ದಕ್ಕೆ ರಸೀದಿ ಕೇಳಲು ಸಂಕೋಚ ಬೇಡ. ಪೌಲನೇ ಆ ಹಣವನ್ನು ಒಬ್ಬನೇ ಒಯ್ಯಲಿಲ್ಲ, ಯಾರೂ ಬೆರಳು ತೋರಿಸದಿರಲೆಂದು ಸಭೆಗಳು ಆರಿಸಿದವನನ್ನು ಜೊತೆಗಿಟ್ಟುಕೊಂಡ (2 ಕೊರಿಂಥ 8:19–21).

ಮನೆಯೊಳಗಿನ ಬಿತ್ತನೆ ಇನ್ನೂ ನಿಧಾನ. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವವರು, ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಎರಡು ಸಲ ಮೆತ್ತಗೆ ಮಾತಾಡಿ, ಏನೂ ಬದಲಾಗಲಿಲ್ಲ ಎಂದು ಮೂರನೇ ಸಲ ಕೋರ್ಟಿಗೆ ಹೋಗುತ್ತಾರೆ. ಒಳ್ಳೆಯದು ಮಾಡುವುದರಲ್ಲಿ ಬೇಸರಗೊಳ್ಳದಿದ್ದರೆ ‘ತಕ್ಕ ಕಾಲದಲ್ಲಿ’ ಕೊಯ್ಯುತ್ತೇವೆ ಎಂಬ ಮಾತು ಗಲಾತ್ಯ 6:9ರಲ್ಲಿರುವುದು ಇದಕ್ಕೇ.

ಕೊನೆಯದಾಗಿ, ಈ ವರ್ಷ ನೀವು ಕೊಡುವ ಸಾಲಿನಲ್ಲೇ ನಿಲ್ಲಬೇಕೆಂದಿಲ್ಲ. ಈಗ ನಿಮ್ಮ ಸಮೃದ್ಧಿ ಅವರ ಕೊರತೆಗೆ, ಮುಂದೆ ಅವರ ಸಮೃದ್ಧಿ ನಿಮ್ಮ ಕೊರತೆಗೆ ಎಂದು 2 ಕೊರಿಂಥ 8:14ರಲ್ಲಿದೆ. ಮುಂದಿನ ಮಳೆಗಾಲದ ಮೈಲುತುತ್ತಿಗೂ ಕೊನೆಗೌಡನ ಕೂಲಿಗೂ ಎಷ್ಟು ಬೇಕೆಂದು ಲೆಕ್ಕ ಬರೆದು, ಸಾವಿರ ಬಿತ್ತಿ ಎಂದ ಅದೇ ಕೂಟದ ಮುಂದೆ ಇಡಿ.