ಎಂಟು ತಿಂಗಳ ಮಗುವಿನ ಎದೆ ಗೊರಗೊರ ಎನ್ನುತ್ತಿದ್ದರೆ ಯಾವಾಗ ಆಸ್ಪತ್ರೆಗೆ ಹೋಗಬೇಕು?

ನೀವು ಕೇಳಿರುವುದು ಇಷ್ಟು: ಎಂಟು ತಿಂಗಳ ಮಗ, ಮೂರು ದಿನದ ನೆಗಡಿ, ರಾತ್ರಿ ಎದೆಯಲ್ಲಿ ಗೊರಗೊರ ಸದ್ದು. ಅತ್ತೆಯವರು ದೊಡ್ಡಪತ್ರೆ ರಸ ಕುಡಿಸು ಎನ್ನುತ್ತಾರೆ, ಪಕ್ಕದ ಮನೆಯವರು ನೆಬುಲೈಸರ್ ಕೊಂಡುಬಿಡಿ ಎನ್ನುತ್ತಾರೆ, ನಿಮಗೆ ನ್ಯುಮೋನಿಯಾದ ಭಯ. ನಾನು ವೈದ್ಯೆಯಲ್ಲ; ಸರ್ಕಾರಿ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಮಗುವನ್ನು ನೋಡದೆ ಇಲ್ಲಿ ಕುಳಿತು ರೋಗದ ಹೆಸರು ಹೇಳಲಾರೆ. ಆದರೆ ನೋಡುವುದು ಹೇಗೆಂದು ಹೇಳಿಕೊಡಬಲ್ಲೆ. ವಾರ್ಡಿನಲ್ಲಿ ನಾವು ಎಷ್ಟೋ ತಾಯಂದಿರಿಗೆ ಕಲಿಸುತ್ತಿದ್ದುದು ಅದನ್ನೇ.

ಮೊದಲು ಆ ಗೊರಗೊರವನ್ನು ಪಕ್ಕಕ್ಕಿಡಿ. ಮಗುವನ್ನು ಎತ್ತಿಕೊಂಡು ಗಾಬರಿಯಿಂದ ಬರುವವರ ಮೊದಲ ಮಾತೇ ಅದು, ಮತ್ತು ಬಹಳ ಸಲ ಅದಕ್ಕೂ ಶ್ವಾಸಕೋಶಕ್ಕೂ ಸಂಬಂಧ ಇರುವುದಿಲ್ಲ. ಎಳೆಮಕ್ಕಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತಾರೆ. ಮೂಗಿನ ಹಿಂಭಾಗದಲ್ಲೋ ಗಂಟಲಿನಲ್ಲೋ ನಿಂತ ಸಿಂಬಳದ ಸದ್ದು ತೆಳುವಾದ ಎದೆಗೂಡಿಗೆ ಹರಡುತ್ತದೆ; ಬೆನ್ನ ಮೇಲೆ ಕೈಯಿಟ್ಟರೆ ಅಂಗೈಗೂ ತಾಗುತ್ತದೆ. ನಿಜವಾಗಿ ಕಷ್ಟದಲ್ಲಿರುವ ಮಗು ಎಷ್ಟೋ ಸಲ ಸದ್ದನ್ನೇ ಮಾಡುವುದಿಲ್ಲ. ಉಸಿರಾಡುವುದೇ ದೊಡ್ಡ ಕೆಲಸವಾದಾಗ ಅಳುವುದಕ್ಕೆ ಶಕ್ತಿ ಎಲ್ಲಿಂದ ಬರಬೇಕು? ವಾರ್ಡು ಕಿತ್ತುಹೋಗುವಂತೆ ಅರಚುವ ಮಗುವಿಗಿಂತ, ಸುಮ್ಮನೆ ಬಿದ್ದುಕೊಂಡ ಮಗುವನ್ನು ಕಂಡರೆ ನಮಗೆ ಹೆಚ್ಚು ದಿಗಿಲಾಗುತ್ತಿತ್ತು.

ಹೀಗೆ ಮಾಡಿ. ಮಗು ನಿದ್ರಿಸುತ್ತಿರುವಾಗ ಅಥವಾ ಮಡಿಲಲ್ಲಿ ಶಾಂತವಾಗಿರುವಾಗ ಅಂಗಿಯನ್ನು ಎದೆಯ ಮೇಲಕ್ಕೆ ಸರಿಸಿ, ಬೆಳಕು ಬೀಳುವಂತೆ ಮಲಗಿಸಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಸಮಯ ಇಟ್ಟುಕೊಂಡು ಪೂರ್ತಿ 60 ಸೆಕೆಂಡು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಆತುರ ಬೇಡ, ಎಳೆಮಕ್ಕಳ ಉಸಿರು ಒಮ್ಮೆ ಬಿರುಸು, ಒಮ್ಮೆ ನಿಧಾನ. ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡಿರುವ ಗಡಿಗಳು ಇವು: ಎರಡು ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿನಿಂದ ವರ್ಷ ತುಂಬುವವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರಾಟ. ನಿಮ್ಮ ಮಗನ ಮಟ್ಟಿಗೆ ನೆನಪಿಡಬೇಕಾದದ್ದು 50. ಜ್ವರ ಏರಿದಾಗ ಉಸಿರೂ ಏರುತ್ತದೆ. ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಎಣಿಸುವಾಗಲೇ ಕಣ್ಣು ಪಕ್ಕೆಗಳ ಮೇಲಿರಲಿ. ಉಸಿರು ಎಳೆದುಕೊಂಡಾಗ ಎದೆಯೂ ಹೊಟ್ಟೆಯೂ ಉಬ್ಬಬೇಕು. ಅದರ ಬದಲು ಕೆಳಗಿನ ಪಕ್ಕೆಲುಬುಗಳ ಜಾಗ ಪ್ರತಿ ಉಸಿರಿಗೂ ಒಳಕ್ಕೆ ಗುಳಿ ಬೀಳುತ್ತಿದ್ದರೆ ಶ್ವಾಸಕೋಶ ಬಿಗಿದುಕೊಂಡಿದೆ ಎಂದು ಅರ್ಥ. ಮೂಗಿನ ಹೊಳ್ಳೆಗಳು ಅರಳುವುದು, ಉಸಿರಿನ ಜೊತೆಗೆ ತಲೆ ಅಲುಗುವುದು, ಪ್ರತಿ ಉಸಿರು ಬಿಡುವಾಗಲೂ ನರಳುವುದು ಇದೇ ಜಾತಿಯವು. ಇವುಗಳಲ್ಲಿ ಯಾವುದು ಕಂಡರೂ ನಾಳೆಗೆ ಮುಂದೂಡಬೇಡಿ. ತುಟಿ, ನಾಲಗೆ ನೀಲಿಗಟ್ಟಿದರೆ, ಮಗು ಹಾಲನ್ನೇ ಹಿಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಎಬ್ಬಿಸಿದರೂ ಎಚ್ಚರಗೊಳ್ಳದಿದ್ದರೆ, ಫಿಟ್ಸ್ ಬಂದರೆ ಅಥವಾ ಉಸಿರು ನಡುವೆ ನಿಂತು ನಿಂತು ಬರುತ್ತಿದ್ದರೆ 108ಕ್ಕೆ ಕರೆ ಮಾಡಿ. ಎರಡು ತಿಂಗಳೊಳಗಿನ ಕೂಸಾದರೆ ಇಷ್ಟೆಲ್ಲ ಕಾಯುವಂತೆಯೇ ಇಲ್ಲ. ವೇಗದ ಉಸಿರಾಟವೊಂದೇ ಸಾಕು, ಹೊರಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದನ್ನು ಮಗುವಿನ ಬೆರಳಿಗೆ ಸಿಕ್ಕಿಸಿ ಧೈರ್ಯ ತಂದುಕೊಳ್ಳಬೇಡಿ, ಅದರ ಅಳತೆ ದೊಡ್ಡವರ ಬೆರಳಿನದು.

ಇವೇನೂ ಇಲ್ಲ, ಮಗು ಹಾಲು ಕುಡಿಯುತ್ತಿದೆ, ನಡುನಡುವೆ ನಗುತ್ತಿದೆ ಎಂದಾದರೆ ಇದು ಸಾಮಾನ್ಯ ನೆಗಡಿಯಾಗಿರಬಹುದು ಅಥವಾ ಬ್ರಾಂಕಿಯೋಲೈಟಿಸ್ ಆಗಿರಬಹುದು. ಎರಡನೆಯದು ಎರಡು ವರ್ಷದೊಳಗಿನ ಮಕ್ಕಳಲ್ಲಿ ವೈರಸ್‌ನಿಂದ ಬರುತ್ತದೆ, ಶ್ವಾಸಕೋಶದ ಅತಿ ಸಣ್ಣ ನಾಳಗಳು ಊದಿಕೊಂಡು ಕಫ ಕಟ್ಟುತ್ತದೆ. ಇದರ ಸ್ವಭಾವ ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆ: ನೆಗಡಿಯಾಗಿ ಶುರುವಾಗಿ, ಮೂರರಿಂದ ಐದನೆಯ ದಿನದ ಹೊತ್ತಿಗೆ ಜೋರಾಗಿ, ಆಮೇಲೆ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಹಟ ಹಿಡಿಯಬಹುದು. ನಿಮ್ಮದು ಈಗ ಮೂರನೆಯ ದಿನ, ಆದ್ದರಿಂದ ಮುಂದಿನ ಎರಡು ದಿನ ಬೆಳಿಗ್ಗೆ, ಸಂಜೆ, ರಾತ್ರಿ ಉಸಿರು ಎಣಿಸುತ್ತಿರಿ. ವೈರಸ್‌ಗೆ ಆಂಟಿಬಯೋಟಿಕ್ ತಾಗುವುದಿಲ್ಲ. ಹಾಲು ಕುಡಿಸುವ ಸ್ವಲ್ಪ ಮುಂಚೆ ಎರಡೂ ಹೊಳ್ಳೆಗಳಿಗೆ ಉಪ್ಪುನೀರಿನ ಹನಿ ಹಾಕಿ ಸಿಂಬಳ ತೆಗೆಯಿರಿ. ಅಂಗಡಿಯಲ್ಲಿ ಕೊಳ್ಳುವಾಗ ಸೀಸೆಯ ಮೇಲೆ ಸೋಡಿಯಂ ಕ್ಲೋರೈಡ್ ಎಂದಷ್ಟೇ ಇದೆಯೇ ನೋಡಿ. ದೊಡ್ಡವರ ಮೂಗು ಬಿಡಿಸುವ ಹನಿಗಳು ನೋಡಲು ಹಾಗೆಯೇ ಇರುತ್ತವೆ, ಎಳೆಮಕ್ಕಳಿಗೆ ಅಪಾಯ. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕೊಡಿ. ದಿನದ ಹಾಲು ಅರ್ಧಕ್ಕಿಳಿದರೆ ಅಥವಾ ಹನ್ನೆರಡು ಗಂಟೆ ಮೂತ್ರ ಹೋಗದಿದ್ದರೆ ಉಸಿರಿನ ಎಣಿಕೆ ಏನೇ ಇರಲಿ, ಆಸ್ಪತ್ರೆಗೆ ಹೋಗಿ.

ನ್ಯುಮೋನಿಯಾ ಎಂದೇ ವೈದ್ಯರು ಹೇಳಿದರೂ ಎದೆಗುಂದಬೇಡಿ. ಪಕ್ಕೆ ಗುಳಿ ಬೀಳುವುದು ತೀವ್ರವಿಲ್ಲದ ಮಗುವಿಗೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ಕನ್ನು ಬಾಯಿಂದಲೇ ಕೊಟ್ಟು ಮನೆಯಲ್ಲೇ ಗುಣಪಡಿಸುತ್ತಾರೆ. ಎರಡನೆಯ ದಿನಕ್ಕೆ ಮಗು ಚುರುಕಾಯಿತೆಂದು ಔಷಧ ನಿಲ್ಲಿಸದೆ ಹೇಳಿದಷ್ಟು ದಿನ ಕೊಡಬೇಕು.

ಈಗ ಅತ್ತೆಯವರ ದೊಡ್ಡಪತ್ರೆ. ಅವರ ಮೇಲೆ ಸಿಟ್ಟಾಗಬೇಡಿ, ಅವರು ಮಕ್ಕಳನ್ನು ಸಾಕಿದ್ದೇ ಹಾಗೆ. ಬಾಡಿಸಿದ ಎಲೆಯ ರಸ ನಾಲ್ಕು ಹನಿ ಹೋದರೆ ಆಕಾಶ ಬೀಳುವುದಿಲ್ಲ, ಉಸಿರೂ ಸುಧಾರಿಸುವುದಿಲ್ಲ. ಏದುಸಿರು ಬಿಡುವ ಮಗುವಿನ ಬಾಯಿಗೆ ಮಾತ್ರ ಯಾವ ರಸವನ್ನೂ ಹಿಂಡಬಾರದು, ಅದು ಶ್ವಾಸಕೋಶಕ್ಕಿಳಿಯಬಹುದು. ನಾನು ಜಗಳಕ್ಕೆ ನಿಲ್ಲುವುದು ಬೇರೆ ಕೆಲವಕ್ಕೆ. ಮೂಗಿಗೆ ಎಣ್ಣೆ ಬಿಡುವುದು: ಎಣ್ಣೆ ಶ್ವಾಸಕೋಶಕ್ಕೆ ಸೇರಿದರೆ ಅದೇ ಒಂದು ಬಗೆಯ ನ್ಯುಮೋನಿಯಾ. ಎದೆಗೆ ಕರ್ಪೂರ ತಿಕ್ಕುವುದು: ಎಳೆಮಕ್ಕಳಿಗೆ ಫಿಟ್ಸ್ ಬರಿಸಬಲ್ಲದು. ವರ್ಷ ತುಂಬುವ ಮೊದಲು ಜೇನುತುಪ್ಪ ಬೇಡ, ತುಳಸಿಯ ಜೊತೆಗೂ ಬೇಡ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ, ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ, ಸೌದೆ ಒಲೆಯ ಪಕ್ಕದಲ್ಲಿ ತೊಟ್ಟಿಲು, ಇವು ಊದಿಕೊಂಡ ಉಸಿರುನಾಳಗಳನ್ನು ಇನ್ನಷ್ಟು ಕೆರಳಿಸುತ್ತವೆ. ಇನ್ನು ಹೊಟ್ಟೆಗೆ ಬರೆ ಹಾಕಿಸಿಕೊಂಡು ಬಂದ ಕೂಸುಗಳನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಅದರ ಬಗ್ಗೆ ಸಭ್ಯವಾಗಿ ಬರೆಯುವುದು ನನಗೆ ಕಷ್ಟ.

ಅಂಗಡಿಯ ಕೆಮ್ಮಿನ ಸಿರಪ್‌ಗೂ ಇದೇ ಮಾತು. 2025ರಲ್ಲಿ ಮಧ್ಯಪ್ರದೇಶದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಕೊಡಬಾರದೆಂದು ಕೇಂದ್ರ ಸರ್ಕಾರವೇ ಸೂಚಿಸಿತು. ವಿಷ ಬೆರೆಯದಿದ್ದರೂ ಈ ವಯಸ್ಸಿಗೆ ಅವುಗಳಿಂದ ಲಾಭವಿಲ್ಲ.

ನೆಬುಲೈಸರ್ ಕೊಳ್ಳಬೇಡಿ. ಅದು ಔಷಧವಲ್ಲ, ಔಷಧವನ್ನು ಮಂಜಿನಂತೆ ಮಾಡಿ ಒಳಗೆ ಕಳುಹಿಸುವ ಯಂತ್ರ. ಅದರಲ್ಲಿ ಸಾಮಾನ್ಯವಾಗಿ ಹಾಕುವ, ಉಸಿರುನಾಳ ಹಿಗ್ಗಿಸುವ ಔಷಧ ಸಾಲ್ಬ್ಯುಟಮಾಲ್ ಬ್ರಾಂಕಿಯೋಲೈಟಿಸ್‌ನಲ್ಲಿ ಹೆಚ್ಚಿನ ಮಕ್ಕಳಿಗೆ ಉಪಯೋಗಕ್ಕೆ ಬರುವುದಿಲ್ಲ. ಮುಂದೆ ನಿಮ್ಮ ಮಗುವಿಗೆ ಪದೇ ಪದೇ ಉಸಿರು ಬಿಡುವಾಗ ಸಿಳ್ಳೆಯಂಥ ಸದ್ದು, ರಾತ್ರಿ ಕೆಮ್ಮು, ಮನೆಯಲ್ಲಿ ಬೇರೆಯವರಿಗೂ ಉಬ್ಬಸ ಎಂದೆಲ್ಲ ಕಂಡರೆ ಅಸ್ತಮಾದ ಮಾತು ಬರುತ್ತದೆ. ಆಗಲೂ ಮಾಸ್ಕ್ ಇರುವ ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಮತ್ತು ಇನ್ಹೇಲರ್ ಯಂತ್ರದಷ್ಟೇ ಕೆಲಸ ಮಾಡುತ್ತವೆ, ವಿದ್ಯುತ್ ಬೇಡ, ಕೈಚೀಲದಲ್ಲಿ ಹಿಡಿಸುತ್ತವೆ. ಇನ್ಹೇಲರ್ ಚಟವಾಗುತ್ತದೆ ಎಂಬ ಹೆದರಿಕೆಗೆ ಒಂದು ಲೆಕ್ಕ: ಸಾಲ್ಬ್ಯುಟಮಾಲ್ ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ ಇರುತ್ತದೆ, ಅದೇ ಔಷಧದ ಸಿರಪ್ 5 ಮಿಲಿಯಲ್ಲಿ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಫ್‌ನಷ್ಟು. ಸಿರಪ್ಪನ್ನು ಚಮಚಗಟ್ಟಲೆ ಕುಡಿಸುವವರೇ ಇನ್ಹೇಲರಿಗೆ ಹೆದರುವುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

ನೀವು ಕೇಳದ ಎರಡು ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಮಧ್ಯರಾತ್ರಿ ಮಗು ನಾಯಿ ಬೊಗಳಿದಂತೆ ಕೆಮ್ಮಿ, ಉಸಿರು ಎಳೆದುಕೊಳ್ಳುವಾಗ ಕರ್ಕಶ ಸದ್ದು ಬಂದರೆ ಅದು ಧ್ವನಿಪೆಟ್ಟಿಗೆಯ ಊತ, ಕ್ರೂಪ್ ಎನ್ನುತ್ತಾರೆ. ಮಗುವನ್ನು ಅಳಿಸದೆ ಎತ್ತಿಕೊಂಡು ಆಸ್ಪತ್ರೆಗೆ ನಡೆಯಿರಿ. ಹೆಚ್ಚಿನ ಮಕ್ಕಳಿಗೆ ಊತ ಇಳಿಸುವ ಡೆಕ್ಸಾಮೆಥಾಸೋನ್‌ನ ಒಂದೇ ಡೋಸ್ ಸಾಕಾಗುತ್ತದೆ. ಇನ್ನೊಂದು, ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತು. ಎಂಟು ತಿಂಗಳ ಮಗು ತೆವಳುತ್ತದೆ, ನೆಲದಲ್ಲಿ ಸಿಕ್ಕ ಕಡಲೆಬೀಜ, ಹುಣಸೆ ಬೀಜ, ಅಡಿಕೆ ಚೂರು ನೇರ ಬಾಯಿಗೆ. ನೆಗಡಿ ಜ್ವರ ಏನೂ ಇಲ್ಲದೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿದರೆ ಮೊದಲು ಇದನ್ನೇ ಅನುಮಾನಿಸಿ. ಆಮೇಲೆ ಕೆಮ್ಮು ನಿಂತು ಮಗು ಆಡತೊಡಗಿದರೂ ತೋರಿಸಿ, ಏಕೆಂದರೆ ಬೀಜ ಒಳಗೇ ಇಳಿದಿರಬಹುದು, ಮತ್ತು ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಉಸಿರೇ ಕಟ್ಟಿ, ಅಳುವುದಕ್ಕೂ ಕೆಮ್ಮುವುದಕ್ಕೂ ಆಗದಿದ್ದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಭುಜದೆಲುಬುಗಳ ನಡುವೆ ಐದು ಸಲ ತಟ್ಟಿ. ತಿರುಗಿಸಿ ಎದೆಯ ನಡುವಿನ ಎಲುಬನ್ನು ಐದು ಸಲ ಒತ್ತಿ. ವಸ್ತು ಹೊರಬರುವವರೆಗೆ ಮತ್ತೆ ಅದನ್ನೇ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ.

ಮಗು ಸುಧಾರಿಸಿದ ಮೇಲೆ ತಾಯಿ ಕಾರ್ಡ್ ತೆಗೆದು ನೋಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಆರನೆಯ ವಾರ, ಹದಿನಾಲ್ಕನೆಯ ವಾರ, ಆಮೇಲೆ ಒಂಬತ್ತನೆಯ ತಿಂಗಳಿಗೆ ಬೂಸ್ಟರ್. 2021ರಿಂದ ದೇಶದಾದ್ಯಂತ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ನಿಮ್ಮ ಮಗನಿಗೆ ಒಂಬತ್ತು ಇನ್ನೇನು ತುಂಬುತ್ತದೆ. ಸಣ್ಣ ನೆಗಡಿ ಉಳಿದಿದ್ದರೂ ಲಸಿಕೆ ಮುಂದೂಡುವ ಅಗತ್ಯವಿಲ್ಲ. ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.